ಎರಡು ಕಟ್ಟು ಬೀಡಿ

ಗಾಣದ ಒಲೆಗೆ ಕಬ್ಬಿನ ರವದಿ ಒಟ್ಟುತ್ತ ಕೂತ ರಾತ್ರಿಗಳಲ್ಲಿ ನಮ್ಮ ಕಡೆ ಮಾತಿಗೆ ಬರವಿಲ್ಲ. ಬೆಲ್ಲದ ಪಾಕ ಕುದಿಯುವವರೆಗೆ ಯಾರಾದರೂ ಏನಾದರೂ ಹೇಳುತ್ತಲೇ ಇರಬೇಕು. ನನ್ನ ಸರದಿ ಬಂದಾಗ ಹುಡುಗರು ಕೇಳುವುದು ಒಂದೇ ಕಥೆ: "ಸರ, ಓಣಿಯವರು ಬೀಡಿ ಕಟ್ಟಿಕೊಟ್ಟದ್ದು ಹೇಳ್ರಿ." ಹೇಳಿ ಹೇಳಿ ಬಾಯಿಗೆ ರೂಢಿಯಾದದ್ದನ್ನು ಈ ಸಲ ಬರೆದು ಇಡುತ್ತಿದ್ದೇನೆ.

ಕೊರೊನಾದ ಎರಡನೇ ಅಲೆ ಇಳಿದ ಮೇಲಿನ ಚಳಿಗಾಲ ಅದು. ನಿಪ್ಪಾಣಿಗೆ ಅಂಟಿಕೊಂಡಂತಿರುವ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಆ ಎರಡು ವರ್ಷ ನಮ್ಮ ಗಡಿಭಾಗದ ಹುಡುಗರು ಪಟ್ಟ ಪಾಡು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ನಮ್ಮ ಹುಡುಗರ ಅನ್ನ ಇರುವುದು ಗಡಿಯ ಆಚೆ, ಮಹಾರಾಷ್ಟ್ರದಲ್ಲಿ. ನಿಪ್ಪಾಣಿ, ಚಿಕ್ಕೋಡಿ ಕಡೆಯವರು ಕಾಗಲ್ ಮತ್ತು ಗೋಕುಳ ಶಿರಗಾಂವದ ಕಾರಖಾನೆಗಳಿಗೆ ಹೋಗುತ್ತಾರೆ. ಸದಲಗಾ, ಬೋರಗಾಂವ ಕಡೆಯವರಿಗೆ ಇಚಲಕರಂಜಿಯ ಮಗ್ಗಗಳು. ಕಾಗವಾಡದವರಿಗೆ ಮೀರಜ, ಸಾಂಗಲಿ ಕೈಗೆಟುಕುವಷ್ಟು ಹತ್ತಿರ. ರಾಯಬಾಗ, ಅಥಣಿಯ ಹುಡುಗರು ಕಬ್ಬಿನ ಹಂಗಾಮು ಮುಗಿದೊಡನೆ ಸಿಕ್ಕ ಬಸ್ಸು ಹತ್ತುತ್ತಾರೆ. ಹೆದ್ದಾರಿಯ ಮೇಲಿನ ಕೊಗನೋಳಿಯಲ್ಲಿ ಚೆಕ್‌ಪೋಸ್ಟ್ ಬಿದ್ದು, ಕೊರೊನಾ ಪರೀಕ್ಷೆಯ ವರದಿ ಇಲ್ಲದವರನ್ನು ತಿರುಗಿ ಕಳಿಸತೊಡಗಿದಾಗ ಈ ಅನ್ನಕ್ಕೇ ಬೀಗ ಬಿತ್ತು. ಹೆದ್ದಾರಿ ತೆರೆದ ಮೇಲೂ ಎಷ್ಟೋ ಜನರಿಗೆ ಹಳೆಯ ಕೆಲಸ ಸಿಗಲಿಲ್ಲ. ಕಾರಖಾನೆಯವರು ಕೇಳುವುದೂ ಬದಲಾಗಿತ್ತು. ಮಾಲು ಹೊತ್ತು ಹಾಕುವವರು ಬೇಕಾದಷ್ಟು ಸಿಗುತ್ತಾರೆ. ಸ್ಟೋರಿನಲ್ಲಿ ಕೂತು ಚಲನ್ ನೋಡಿ ಕಂಪ್ಯೂಟರಿಗೆ ಏರಿಸುವವರು, ಇ-ವೇ ಬಿಲ್ ತೆಗೆಯುವವರು ಬೇಕು ಅನ್ನುತ್ತಿದ್ದರು. 2018ರ ಏಪ್ರಿಲ್‌ನಿಂದ 50,000 ರೂಪಾಯಿ ದಾಟಿದ ಮಾಲು ರಾಜ್ಯದ ಗಡಿ ದಾಟಬೇಕಾದರೆ ಆ ಬಿಲ್ ಇರಲೇಬೇಕು. ನಮ್ಮ ಕಡೆ ಅರ್ಧ ತಾಸು ಲಾರಿ ಓಡಿದರೆ ಗಡಿ ದಾಟಿದಂತೆಯೇ. ಅಂದಮೇಲೆ ಆ ಕೆಲಸ ಬಲ್ಲ ಕೈಗಳಿಗೆ ಇಲ್ಲಿ ಎಷ್ಟು ಬೇಡಿಕೆ ಇರಬಹುದು, ನೀವೇ ಯೋಚಿಸಿ.

ಆ ಕೆಲಸ ಕಲಿಸುವ ಒಂದು ತರಗತಿ ನಡೆಸೋಣವೆಂದು ನಾವು ಕೆಲವರು ಕೂಡಿದೆವು. ನಮ್ಮ ಶಾಲೆಯಲ್ಲಿ ಕಲಿತು ಪುಣೆಯಲ್ಲಿ ನೌಕರಿ ಮಾಡುತ್ತಿದ್ದ ಹುಡುಗನೊಬ್ಬ ಆರು ಹಳೆಯ ಕಂಪ್ಯೂಟರ್ ಕಳಿಸಿಕೊಟ್ಟ. ಸಮುದಾಯ ಭವನದ ಒಂದು ಖೋಲಿ ಸಿಕ್ಕಿತು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಟ್ಯಾಲಿ ಕಲಿಸಲು ಒಪ್ಪಿದರು, ನಾನು ಎಕ್ಸೆಲ್, ಚಿಕ್ಕೋಡಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಇಬ್ಬರು ಉಳಿದದ್ದು. ನುಡಿ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಕೂಡ ಇಟ್ಟೆವು, ಯಾಕೆಂದರೆ ಪಂಚಾಯತಿ, ಸೇವಾ ಕೇಂದ್ರ, ಯಾವ ಕಡೆ ಹೋದರೂ ಅದು ಬೇಕು. ಸಂಜೆ ಐದರಿಂದ ಏಳೂವರೆ. ಶುಲ್ಕ ಇಲ್ಲ. ಊರಲ್ಲಿ ಡಂಗುರ ಸಾರಿದಂತೆ ಎಲ್ಲರಿಗೂ ಹೇಳಿದೆವು.

ಬಂದವರೆಲ್ಲ ಗಂಡುಹುಡುಗರು. ಊರಿನಲ್ಲಿ ಬೀಡಿ ಕಟ್ಟುವವರ ಓಣಿಯೊಂದಿದೆ, ಅಲ್ಲಿಂದ ಒಂದು ಹುಡುಗಿಯೂ ಬರಲಿಲ್ಲ. ನನ್ನ ಕೈಕೆಳಗೆ ಓದಿದವರು, ಲೆಕ್ಕದಲ್ಲಿ ಈ ಹುಡುಗರಿಗಿಂತ ಚುರುಕಾದವರು, ಒಬ್ಬರೂ ಇಲ್ಲ. ಒಂದು ಸಂಜೆ ಆ ಓಣಿಗೆ ನಡೆದೆ.

ಬೀಡಿ ಕಟ್ಟುವುದನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಹಿಂದಿನ ರಾತ್ರಿ ಎಲೆ ನೆನೆಹಾಕಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾರೆ. ಮುಂಜಾನೆ ತಗಡಿನ ಅಳತೆ ಇಟ್ಟು ಕತ್ತರಿಯಿಂದ ಒಂದೊಂದೇ ಎಲೆ ಕತ್ತರಿಸಬೇಕು. ತೊಡೆಯ ಮೇಲೆ ಮೊರ, ಮೊರದಲ್ಲಿ ತಂಬಾಕು. ಒಂದು ಚಿಟಿಕೆ ತಂಬಾಕು ಎಲೆಗೆ ಉದುರಿಸಿ, ಎರಡೂ ಕೈಯ ಬೆರಳುಗಳಲ್ಲಿ ಹೊಸೆದು ಸುತ್ತಿ, ತುದಿ ಮಡಚಿ ಒಳಗೆ ಒತ್ತಿ, ದಾರ ಸುತ್ತಬೇಕು. ಇಪ್ಪತ್ತೈದಕ್ಕೆ ಒಂದು ಕಟ್ಟು, ನಾಲ್ವತ್ತು ಕಟ್ಟಿಗೆ ಸಾವಿರ. ಕೂಲಿ ಸಾವಿರದ ಲೆಕ್ಕದಲ್ಲೇ. ಒಬ್ಬಳೇ ಕೂತರೆ ಸಾವಿರ ಬೀಡಿಗೆ ಹತ್ತು ತಾಸು ಬೇಕು, ಅದೂ ಅಡುಗೆ, ನೀರು, ಬಟ್ಟೆ ಬಿಟ್ಟು. ಹಾಗಾಗಿ ಯಾವ ಮನೆಯಲ್ಲೂ ಸಾವಿರ ಬೀಡಿ ಒಬ್ಬಳೇ ಕಟ್ಟಿದ್ದಲ್ಲ. ಬೀಡಿ ಕಾರ್ಡಿನಲ್ಲಿ ತಾಯಿಯ ಹೆಸರು ಒಂದೇ ಇದ್ದರೂ ಕೆಲಸಕ್ಕೆ ಮಗಳ ಕೈಯೂ ಬೇಕು.

ನಾನು ಹೋದ ಮನೆಯ ಹುಡುಗಿ ಪಿಯುಸಿ ಕಾಮರ್ಸ್ ಮುಗಿಸಿದ್ದಳು. ತಂದೆ ಇರಲಿಲ್ಲ. ಅಣ್ಣ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದ. ಕಟ್ಟೆಯ ಮೇಲೆ ತಾಯಿ ಮಗಳು ಎದುರುಬದುರು ಮೊರ ಇಟ್ಟುಕೊಂಡು ಕೂತಿದ್ದರು. ನಾನು ತರಗತಿಯ ಮಾತೆತ್ತಿದೆ. ತಾಯಿ ಕೈ ನಿಲ್ಲಿಸಲಿಲ್ಲ.

"ಕಳಸಬಾರದಂತ ಇಲ್ರಿ ಸರ. ಸಾವಿರದಾಗ ನಾಕನೂರು ಆಕಿ ಕಟ್ಟತಾಳ. ಆಕಿ ಬಂದ್ರ ಆ ನಾಕನೂರು ಯಾರ ಕಟ್ಟಬೇಕ್ರಿ? ಎಲಿ ತಂಬಾಕ ತೂಕ ಮಾಡಿ ಕೊಟ್ಟಿರತಾರ. ಕಡಿಮಿ ಕೊಟ್ರ ಕೂಲಿ ಕಡಿತಾರ, ಎರಡ ದಿನಾ ಹಂಗ ಮಾಡಿದ್ರ ಎಲೀನ ಕೊಡಂಗಿಲ್ಲ."

ಹುಡುಗಿ ತಲೆ ಎತ್ತಲಿಲ್ಲ. ಅವಳ ಮುಂದೆ ಹದಿನಾರು ಕಟ್ಟಿನ ಕೆಲಸ ಇತ್ತು.

ಈ ಮಾತನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ನಾವು ಪುಕ್ಕಟೆ ಕಲಿಸುತ್ತೇವೆ ಅಂತ ಹೊರಟಿದ್ದೆವು. ಆ ಹುಡುಗಿಗೆ ನಮ್ಮ ತರಗತಿ ಪುಕ್ಕಟೆ ಆಗಿರಲಿಲ್ಲ. ಅದರ ಬೆಲೆ ದಿನಕ್ಕೆ 400 ಬೀಡಿ. ಬಡವರ ಮನೆಯ ಮಕ್ಕಳಿಗೆ ಕೌಶಲ ಕಲಿಸುವ ಯೋಜನೆಗಳಲ್ಲಿ ಕಂಪ್ಯೂಟರಿನ ಖರ್ಚು, ಕಲಿಸುವವರ ಸಂಬಳ, ಸರ್ಟಿಫಿಕೇಟಿನ ಶುಲ್ಕ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಕಲಿಯುವವಳ ಕೈ ಬಿಟ್ಟ ಕೆಲಸ ಯಾರು ಮಾಡಬೇಕು ಅನ್ನುವುದಕ್ಕೆ ಸಾಲು ಇರುವುದಿಲ್ಲ.

ಪಕ್ಕದ ಮೂಲೆಯ ಮನೆಯಲ್ಲಿ ಒಬ್ಬ ಮುದುಕಿ. ಓಣಿಯವರೆಲ್ಲ ಆಕೆಯನ್ನು ಮೂಲಿಮನಿ ಕಾಕು ಅನ್ನುತ್ತಾರೆ. ಹರೆಯದಲ್ಲಿ ತಂಬಾಕಿನ ವಖಾರಿಯಲ್ಲಿ ದುಡಿದವಳು, ಮನೆಯಲ್ಲಿ ಬೀಡಿಯನ್ನೂ ಕಟ್ಟಿದವಳು. ನಮ್ಮ ಮಾತು ಕಟ್ಟೆಯಿಂದ ಕಟ್ಟೆಗೆ ಕೇಳುವಂಥದ್ದೇ. ಕಾಕು ಅಲ್ಲಿಂದಲೇ ಕನ್ನಡ ಮರಾಠಿ ಬೆರೆಸಿ ಕೂಗಿದಳು: "ಸಂಘಾ ಕಟ್ಟೂ ಮುಂದ ನಾವು ರಾತ್ರಿ ಮೀಟಿಂಗಿಗೆ ಹೋಗತಿದ್ದಿವಲ್ಲ, ಆವಾಗ ನಮ್ಮ ಬೀಡಿ ಯಾರ ಕಟ್ಟಿದ್ರು ಕೇಳ್ರಿ ಈಕೀನ!"

ಅದು ಬರೀ ಮುದುಕಿಯ ಹಳಹಳಿಕೆ ಅಂತ ತಿಳಿಯಬೇಡಿ. ನಿಪ್ಪಾಣಿಯ ಹೆಸರು ದೇಶಕ್ಕೆ ಗೊತ್ತಾದದ್ದು ಹೆಚ್ಚಾಗಿ 1981ರಲ್ಲಿ. ತಂಬಾಕಿಗೆ ಬೆಲೆ ಬೇಕೆಂದು ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ವಾರಗಟ್ಟಲೆ ಠಿಕಾಣಿ ಹೂಡಿದರು, ರೈತ ನಾಯಕ ಶರದ್ ಜೋಶಿ ಬಂದು ಜೊತೆ ಕೂತರು, ಏಪ್ರಿಲ್ 6ರಂದು ಗೋಲಿಬಾರ್ ಆಗಿ ರೈತರು ಸತ್ತರು. ಅದೇ ಕಾಲಕ್ಕೆ ಅದೇ ಊರಿನಲ್ಲಿ ಹೆಂಗಸರು ಕಟ್ಟಿದ ಸಂಘಟನೆಯ ಸುದ್ದಿ ಅಷ್ಟು ಹರಡಲಿಲ್ಲ. ವಖಾರಿಗಳ ಹೊಗೆಸೊಪ್ಪಿನ ಧೂಳಿನಲ್ಲಿ ಕೆಮ್ಮುತ್ತ ದುಡಿಯುವ ಹೆಂಗಸರು ಕೂಲಿಗಾಗಿ, ಮಾನಕ್ಕಾಗಿ ಒಟ್ಟಾದರು, ಕೆಲಸ ನಿಲ್ಲಿಸಿದರು. ದೀಪಾ ಧನರಾಜ್ ಮತ್ತು ಸಂಗಡಿಗರ 'ಯುಗಾಂತರ್' ತಂಡ ಇಲ್ಲಿಗೆ ಬಂದು, ಆ ಹೆಂಗಸರ ಜೊತೆ ಕೂಡಿಕೊಂಡು 1982ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿತು. ಕಾಕುವಿಗೆ ಆ ಚಿತ್ರ ನೋಡಿದ ನೆನಪಿಲ್ಲ. ಮೀಟಿಂಗುಗಳು ನೆನಪಿವೆ. ಒಬ್ಬಳು ಮೀಟಿಂಗಿಗೆ ಹೋದರೆ ಅವಳ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿದ್ದು ನೆನಪಿದೆ.

ಲೆಕ್ಕ ಅಲ್ಲೇ ಕಟ್ಟೆಯ ಮೇಲೆ ಆಯಿತು. ಬರಬೇಕಾದ ಹುಡುಗಿಯರು ನಾಲ್ವರು. ತಲಾ ಹದಿನಾರು ಕಟ್ಟು ಅಂದರೆ ದಿನಕ್ಕೆ ಅರವತ್ನಾಲ್ಕು. ಓಣಿಯಲ್ಲಿ ಬೀಡಿ ಕಟ್ಟುವ ಮನೆ ಮೂವತ್ತೆರಡು. ಮನೆಗೆ ಎರಡು ಕಟ್ಟು, ಅರ್ಧ ತಾಸಿನ ಕೆಲಸ. ಆರು ವಾರ.

ಎಲ್ಲರೂ ಹೂಂ ಅಂದರು ಅಂತಲ್ಲ. "ನಮ್ಮ ಹುಡುಗಿಗೆ ಯಾಕ ಇಲ್ಲ?" ಅಂದವರಿದ್ದರು. ಸಂಜೆ ಹೊತ್ತು ಗಂಡುಹುಡುಗರ ಜೊತೆ ಒಂದೇ ಖೋಲಿಯಲ್ಲಿ ಅಂತ ಗೊಣಗಿದವರೂ ಇದ್ದರು. ಇನ್ನೊಂದು ತೊಡಕು ನಾನು ಎಣಿಸಿಯೇ ಇರಲಿಲ್ಲ: ಬೀಡಿಗೆ ಕೈಗುಣ ಇರುತ್ತದೆ. ಒಬ್ಬರದು ಬಿಗಿ, ಒಬ್ಬರದು ಸಡಿಲ. ಬೇರೆ ಬೇರೆ ಕೈಯ ಕಟ್ಟುಗಳನ್ನು ಒಂದೇ ಹೆಸರಿನಲ್ಲಿ ಹಾಕಿದರೆ ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಮುನೀಮ ಕಂಡುಹಿಡಿಯುತ್ತಾನೆ, ಚಲೋ ಇಲ್ಲ ಅಂತ ಆರಿಸಿ ಒಗೆಯುತ್ತಾನೆ. ಆ ಆರಿಸಿದ್ದಕ್ಕೆ ಇಲ್ಲಿ ಛಾಟ ಅನ್ನುತ್ತಾರೆ, ಅದಕ್ಕೆ ಕೂಲಿ ಇಲ್ಲ. ಕಾಕು ಅದನ್ನೂ ತನ್ನ ಮೇಲೆ ಹಾಕಿಕೊಂಡಳು. ಪ್ರತಿ ಸಂಜೆ ಎಲ್ಲ ಮನೆಯ ಕಟ್ಟುಗಳು ಆಕೆಯ ಕಟ್ಟೆಗೆ ಬರಬೇಕು, ಆಕೆ ಬೆರಳಲ್ಲಿ ಹಿಚುಕಿ ನೋಡಿ ಸಡಿಲ ಇದ್ದದ್ದನ್ನು ತಿರುಗಿ ಕಳಿಸಬೇಕು. ಏಳೂವರೆಗೆ ಹುಡುಗಿಯರನ್ನು ಕರೆತರಲು ಇಬ್ಬರು ಹೆಂಗಸರು ಟಾರ್ಚ್ ಹಿಡಿದು ಭವನಕ್ಕೆ ಬರುವುದೆಂದು ಆಯಿತು.

ಹುಡುಗಿಯರು ಬಂದರು. ಮೊದಲ ದಿನ ಕುರ್ಚಿಯ ತುದಿಗೆ ಕೂತು, ಮೌಸ್ ಮುಟ್ಟಲು ಹಿಂಜರಿದು, ಕೈ ಸೆರಗಿಗೆ ಒರೆಸಿ ಒರೆಸಿ ಮುಟ್ಟಿದರು. ಬೆರಳಿಗೆ ತಂಬಾಕಿನ ವಾಸನೆ ಹೋಗಿರಲಿಲ್ಲ. ಎಕ್ಸೆಲ್‌ಗೆ ಏನು ಉದಾಹರಣೆ ಕೊಡಲಿ ಅಂತ ನಾನು ಪುಸ್ತಕ ತೆಗೆದಿದ್ದೆ. ಆ ಪಿಯುಸಿ ಹುಡುಗಿ ತನ್ನ ಚೀಲದಿಂದ ತಾಯಿಯ ಬೀಡಿ ಪಾಸ್‌ಬುಕ್ ತೆಗೆದು, "ಇದನ್ನ ಏರಸಲೇನ್ರಿ ಸರ?" ಅಂದಳು.

ಏರಿಸಿದಳು. ತಾರೀಖು, ಕೊಟ್ಟ ಎಲೆ, ಕೊಟ್ಟ ತಂಬಾಕು, ಹಾಕಿದ ಬೀಡಿ, ಛಾಟ, ಕೈಗೆ ಬಂದ ಕೂಲಿ. ಅಡ್ಡಕ್ಕೆ ಆರು ಕಾಲಂ, ಉದ್ದಕ್ಕೆ ದಿನಕ್ಕೊಂದು ಸಾಲು. ಮೂರು ತಿಂಗಳದ್ದು ತುಂಬಿಸಲು ಮೂರು ಸಂಜೆ ಹಿಡಿಯಿತು. ಮೊತ್ತ ತೆಗೆಯುವ ಸೂತ್ರ ಹೇಳಿಕೊಟ್ಟೆ. ಛಾಟದ ಕೆಳಗೆ ಅಂಕಿ ಮೂಡಿತು. ಅವಳು ಪರದೆ ನೋಡಿದಳು, ಪಾಸ್‌ಬುಕ್ ನೋಡಿದಳು, ಮತ್ತೆ ಪರದೆ ನೋಡಿದಳು. ದಿನಕ್ಕೆ ಒಂದು ಹಿಡಿ ಅಂತ ಸುಮ್ಮನೆ ಬಿಟ್ಟದ್ದು ಮೂರು ತಿಂಗಳಲ್ಲಿ ನಾಲ್ಕು ದಿನದ ದುಡಿಮೆಯಷ್ಟಾಗಿತ್ತು. ಉಳಿದ ಮೂವರೂ ಮರುದಿನ ತಮ್ಮ ತಮ್ಮ ತಾಯಂದಿರ ಪಾಸ್‌ಬುಕ್ ತಂದರು.

ಕಾಗದದ ಮೇಲೆ ಅಚ್ಚಾದ ಆ ಲೆಕ್ಕ ಓಣಿಯ ಮನೆಮನೆಗೂ ಹೋಯಿತು. ಓದಲು ಬಾರದವರು ಓದಿಸಿಕೊಂಡರು. ನಾಲ್ಕಾರು ಹೆಂಗಸರು ಆ ಹಾಳೆ ಹಿಡಿದು ಮುನೀಮನ ಮುಂದೆ ನಿಂತರು, ಜಗಳ ಮಾಡಲಿಲ್ಲ, ಹಾಳೆ ಮುಂದಿಟ್ಟು ನಿಂತರು ಅಷ್ಟೆ. ಆ ವಾರದಿಂದ ಅವನು ಛಾಟ ತೆಗೆಯುವಾಗ ಅವರ ಕಣ್ಣೆದುರು ಎಣಿಸತೊಡಗಿದ. ಅದಾದ ಮೇಲೆ ಎರಡು ಕಟ್ಟು ಕಟ್ಟಲು ಯಾವ ಮನೆಯೂ ಗೊಣಗಲಿಲ್ಲ. ತರಗತಿ ನಾಲ್ವರು ಹುಡುಗಿಯರದ್ದು ಹೋಗಿ ಓಣಿಯದ್ದೇ ಆಗಿತ್ತು.

ಕೊನೆಗೆ ಪರೀಕ್ಷೆ. ಸರ್ಟಿಫಿಕೇಟಿಗಾಗಿ ಕಂಪ್ಯೂಟರಿನಲ್ಲೇ ಬರೆಯುವ ಪರೀಕ್ಷೆ, ಕೇಂದ್ರ ಇನ್ನೊಂದು ಊರಿನಲ್ಲಿ. ಟೆಂಪೊ ಮಾಡಿಕೊಂಡು ಹೋದೆವು. ಬಾಗಿಲಲ್ಲಿ ಬೆರಳಿನ ಗುರುತು ಓದುವ ಯಂತ್ರ. ಹುಡುಗರು ಒಬ್ಬೊಬ್ಬರೇ ಹೆಬ್ಬೆರಳು ಒತ್ತಿ ಒಳಗೆ ಹೋದರು. ನಮ್ಮ ಪಿಯುಸಿ ಹುಡುಗಿ ಒತ್ತಿದಳು, ಯಂತ್ರ ಒಪ್ಪಲಿಲ್ಲ. ಎಡಗೈ, ಬಲಗೈ, ಹತ್ತು ಬೆರಳೂ ಆಯಿತು. ಎಂಟು ವರ್ಷದವಳಿದ್ದಾಗಿನಿಂದ ಎಲೆ ಹೊಸೆದ ಬೆರಳುಗಳು. ಗೆರೆಯೆಲ್ಲ ಸವೆದು ನುಣ್ಣಗಾಗಿದ್ದವು. ಬೀಡಿ ಕಟ್ಟುವ ಎಷ್ಟೋ ಹೆಂಗಸರಿಗೆ ರೇಷನ್ ಅಂಗಡಿಯಲ್ಲೂ ಇದೇ ಗತಿ.

ಬಾಗಿಲಲ್ಲಿದ್ದವರು ಕರುಣೆಯಿಂದಲೇ ಹೇಳಿದರು, ಒಟಿಪಿ ಬಂದರೆ ಬಿಡುತ್ತೇವೆ ಅಂತ. ಆಧಾರಿಗೆ ಜೋಡಿಸಿದ ನಂಬರ್ ಅಣ್ಣನದು. ಅಣ್ಣ ಇಚಲಕರಂಜಿಯಲ್ಲಿ, ರಾತ್ರಿ ಪಾಳಿ ಮುಗಿಸಿ ಮಲಗಿದ್ದ. ಫೋನ್ ರಿಂಗಾಗುತ್ತದೆ, ಎತ್ತುವವರಿಲ್ಲ. ಹತ್ತು ನಿಮಿಷ ಕಳೆದು ಮೊದಲ ಒಟಿಪಿ ಸತ್ತಿತು. ಪರೀಕ್ಷೆ ಶುರುವಾಗಲು ಕಾಲು ತಾಸು ಉಳಿದಿತ್ತು. ಹುಡುಗಿ ಅಳಲಿಲ್ಲ. ಗೋಡೆಗೆ ಒರಗಿ ತನ್ನ ಬೆರಳುಗಳನ್ನು ನೋಡುತ್ತ ನಿಂತಿದ್ದಳು. ನನಗೆ ಎದೆ ಹಿಂಡಿದಂತಾಯಿತು.

ಒಳಗೆ ಹೋಗಿ ಕೂತಿದ್ದ ಹುಡುಗರಲ್ಲಿ ಒಬ್ಬ ಎದ್ದು ಹೊರಗೆ ಬಂದ. ಕೊರೊನಾಕ್ಕೆ ಮುಂಚೆ ಅವನೂ ಅದೇ ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಇದ್ದವನು. "ಸರ, ಇವರ ಅಣ್ಣ ಉಣ್ಣೂ ಖಾನಾವಳಿ ನನಗ ಗೊತ್ತೈತ್ರಿ, ನಂಬರ್ ಐತಿ." ಖಾನಾವಳಿಯವರಿಗೆ ಫೋನ್ ಹಚ್ಚಿದ. ಅಲ್ಲಿಯ ತಾಟು ತೊಳೆಯುವ ಹುಡುಗ ಓಡಿಹೋಗಿ ಅಣ್ಣನ ಖೋಲಿಯ ಬಾಗಿಲು ಬಡಿದ. ಎರಡನೇ ಒಟಿಪಿ ಕೇಳಿದೆವು. ನಿದ್ದೆಗಣ್ಣಲ್ಲಿ ಎದ್ದ ಅಣ್ಣ ಮರಾಠಿಯಲ್ಲಿ ಒಂದೊಂದೇ ಅಂಕಿ ಹೇಳಿದ, ತಂಗಿ ಕನ್ನಡದಲ್ಲಿ ಒಂದೊಂದೇ ಅಂಕಿ ಗಟ್ಟಿಯಾಗಿ ಹೇಳಿದಳು, ಬಾಗಿಲಲ್ಲಿದ್ದವರು ಒತ್ತಿದರು. ಹಸಿರು ಬಂತು. ಅವಳೂ ಓಡಿದಳು, ಆ ಹುಡುಗನೂ ಓಡಿದ. ಇಬ್ಬರೂ ಪಾಸಾದರು.

ಈ ಕಥೆ ಹೇಳಿದಾಗ ಅಥಣಿಯವರು ಯಾರಾದರೂ ಇದ್ದರೆ, "ಇದು ನಮ್ಮಲ್ಲಿ ಮೊದಲ ಆಗೇತಲ್ರಿ" ಅನ್ನುತ್ತಾರೆ. ಹೆಂಗಸರು ಒಟ್ಟಾದ ಬೆನ್ನಿಗೇ ಕಲಿಕೆ ಬಂದದ್ದರ ಮಟ್ಟಿಗೆ ಅವರ ಮಾತು ಖರೆ. ಅಥಣಿಯ ಚರ್ಮಕಾರ ಕುಟುಂಬಗಳು ತಲೆತಲಾಂತರದಿಂದ ಮಾಡುವ ಚಪ್ಪಲಿ ಮಾರಾಟವಾದದ್ದು ಕೊಲ್ಲಾಪುರದ ಹೆಸರಿನಲ್ಲಿ. ಗಂಡಸರು ಚರ್ಮ ಕತ್ತರಿಸುವುದು, ಹೆಂಗಸರು ಪಟ್ಟಿ ಹೆಣೆಯುವುದು, ಹೊಲಿಯುವುದು. ದುಡ್ಡಿನ ಮಾತು ಮಾತ್ರ ಗಂಡಸರಿಗೂ ವ್ಯಾಪಾರಿಗೂ ಮಧ್ಯೆ. 1990ರ ದಶಕದ ಕೊನೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ ಮಧುರಾ ಛತ್ರಪತಿಯವರ 'ಅಸೆಂಟ್' ಸಂಸ್ಥೆ ಬೆಂಗಳೂರಿನಿಂದ ಅಲ್ಲಿಗೆ ಬಂತು. ಅವರು ಹೆಂಗಸರ ಸ್ವಸಹಾಯ ಸಂಘ ಕಟ್ಟಿದರು. ಆ ಸಂಘಗಳ ಬೆನ್ನಿಗೇ ಚಪ್ಪಲಿಯ ಅಳತೆಯನ್ನು ಒಂದೇ ಹದಕ್ಕೆ ತರುವುದು, ಗುಣಮಟ್ಟ ನೋಡುವುದು, ಹೊಸ ವಿನ್ಯಾಸ ಕಲಿಯುವುದು ಬಂದವು. 'ಟೋಹೋಲ್ಡ್' ಅನ್ನುವ ಅವರದೇ ಹೆಸರಿನಲ್ಲಿ ಅಥಣಿಯ ಚಪ್ಪಲಿ ಪರದೇಶಕ್ಕೆ ಹೋಯಿತು. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆ ಸಿಕ್ಕಾಗ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಇದ್ದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ಮಾದರಿಯ ಚಪ್ಪಲಿಯನ್ನು ಹೆಸರು ಹೇಳದೆ ಮಿಲಾನಿನಲ್ಲಿ ತೋರಿಸಿ ಟೀಕೆಗೆ ಗುರಿಯಾಯಿತು. ಆಮೇಲೆ ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಚರ್ಮೋದ್ಯಮ ನಿಗಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಅಂಥದೇ ನಿಗಮ ಲಿಡ್ಕಾಂ ಜೊತೆ ಒಪ್ಪಂದ ಮಾಡಿಕೊಂಡಿತು, ಕುಶಲಕರ್ಮಿಗಳ ತರಬೇತಿಯ ಮಾತೂ ಅದರಲ್ಲಿದೆ. ಆ ತರಬೇತಿಗೆ ಅಥಣಿಯ ಹೆಣೆಯುವ ಹೆಂಗಸರ ಮಕ್ಕಳನ್ನೂ ಕರೆಯಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ. ಉಜಿರೆಯಲ್ಲಿ 1982ರಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟಿ ಇಡೀ ದೇಶಕ್ಕೆ ಮಾದರಿಯಾದದ್ದರಲ್ಲೂ ಕಲಿಯುವವರ ಹೊರೆಯನ್ನು ಲೆಕ್ಕಕ್ಕೆ ಹಿಡಿಯುವ ಇಂಥದೇ ಒಂದು ತಿಳಿವಳಿಕೆ ಇದೆ: ಊಟ, ವಸತಿ ಕೊಟ್ಟು ಕಲಿಸುತ್ತಾರೆ, ಕಲಿತು ಹೋದವರ ಬೆನ್ನು ಬಿಡದೆ ವಿಚಾರಿಸುತ್ತಾರೆ.

ನಮ್ಮ ನಾಲ್ವರು ಏನಾದರು ಅಂತ ಒಲೆಯ ಮುಂದಿನ ಹುಡುಗರು ತಪ್ಪದೆ ಕೇಳುತ್ತಾರೆ. ಪಿಯುಸಿ ಹುಡುಗಿ ಕಾಗಲ್ ಕಡೆಯ ಒಂದು ಕಾರಖಾನೆಯ ಸ್ಟೋರಿನಲ್ಲಿ ಇದ್ದಾಳೆ, ಇ-ವೇ ಬಿಲ್ ಅವಳ ಕೈಯಿಂದಲೇ ಹೊರಡುತ್ತದೆ. ಹಾಜರಿಗೆ ಅಲ್ಲಿ ಕಾರ್ಡ್ ಕೊಟ್ಟಿದ್ದಾರೆ, ಬೆರಳು ಕೇಳುವುದಿಲ್ಲ. ಇನ್ನೊಬ್ಬಳು ಸೇವಾ ಕೇಂದ್ರದಲ್ಲಿ ಹೊಲದ ಉತಾರ, ಜಾತಿ-ಆದಾಯದ ಅರ್ಜಿ ತುಂಬುತ್ತಾಳೆ. ಮೂರನೆಯವಳಿಗೆ ಮದುವೆಯಾಯಿತು, ಹೋದ ಮನೆಯಲ್ಲಿ ಕಂಪ್ಯೂಟರ್ ಮುಟ್ಟಿಲ್ಲ. ಅವಳ ವಿಷಯ ನನ್ನ ಮನಸ್ಸಿನಿಂದ ಹೋಗಿಲ್ಲ. ನಾಲ್ಕನೆಯವಳು ತಾಯಿಯ ಕಾಯಿಲೆಯಿಂದ ಮತ್ತೆ ಮೊರದ ಮುಂದೆ ಕೂತಳು. ಆದರೆ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯಿಂದ ಅವರ ಮಕ್ಕಳಿಗೆ ವಿದ್ಯಾರ್ಥಿವೇತನ ಇದೆ ಅನ್ನುವುದನ್ನು ತಿಳಿದು, ಪ್ರತಿ ವರ್ಷ ಓಣಿಯ ಮಕ್ಕಳ ಅರ್ಜಿಗಳನ್ನೆಲ್ಲ ಫೋನಿನಲ್ಲೇ ತುಂಬುತ್ತಾಳೆ. ಆ ನಿಧಿಯ ಕಾಯದೆ ಬಂದದ್ದು 1976ರಲ್ಲಿ. ನಮ್ಮ ಓಣಿಯ ಎಷ್ಟೋ ಮನೆಗಳಿಗೆ ಅದರ ಹಣ ಮೊದಲ ಸಲ ಮುಟ್ಟಿದ್ದು ಇವಳ ಕೈಯಿಂದ.

ತರಗತಿ ಈಗ ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕೆ ಹೋಗಿದೆ. ಅಲ್ಲಿ ಪುಸ್ತಕ ಇವೆ, ಒಳ್ಳೆಯ ಕಂಪ್ಯೂಟರ್ ಇವೆ, ಇಂಟರ್ನೆಟ್ ಇದೆ. ಪ್ರತಿ ಹೊಸ ತಂಡಕ್ಕೂ ಓಣಿಯವರು ಕೂತು ಎರಡು ಕಟ್ಟಿನ ಹಂಚಿಕೆ ಮಾಡುತ್ತಾರೆ. ಕಾಕುವಿಗೆ ಕಣ್ಣು ಮಂಜಾಗಿದೆ, ಹಿಚುಕಿ ನೋಡುವ ಕೆಲಸ ಮಾತ್ರ ಬಿಟ್ಟಿಲ್ಲ.

ಓದುವವರಿಗೆ ನನ್ನದೊಂದು ವಿನಂತಿ. ನಮ್ಮ ಗಡಿಭಾಗದ ಮಕ್ಕಳಿಗಾಗಿ ಏನಾದರೂ ಮಾಡಬೇಕು ಅನಿಸಿದವರು ಹಳೆಯ ಲ್ಯಾಪ್‌ಟಾಪ್ ಕಳಿಸಿ, ಚಾರ್ಜರ್ ಸಮೇತ ಕಳಿಸಿ. ಕನ್ನಡ ಮರಾಠಿ ಎರಡರಲ್ಲೂ ಹೇಳಿಕೊಡಬಲ್ಲ ಒಬ್ಬರನ್ನು ಆರು ವಾರಕ್ಕೆ ಕಳಿಸಿದರೆ ಇನ್ನೂ ಒಳ್ಳೆಯದು. ಅದಕ್ಕೂ ಮೊದಲು ಓಣಿಗೆ ಬನ್ನಿ, ಕಟ್ಟೆಯ ಮೇಲೆ ಕೂತು, ಈ ಹುಡುಗಿ ಎದ್ದು ಬಂದರೆ ಅವಳ ಪಾಲಿನ ಕೆಲಸ ಯಾರು ಮಾಡುತ್ತಾರೆ ಅಂತ ತಾಯಿಯನ್ನು ಕೇಳಿ.